ತವರಿನ ಬಾಣಂತನ, ಗಡಿಯಾಚೆಯ ಮನೆ: ಎದೆಹಾಲಿಗೆ ನೆರವಾಗುವ ಆರು ಭೇಟಿಗಳು

ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕೆಂಬ ರೂಢಿ ಗಡಿನಾಡಿನ ಕನ್ನಡ ಮನೆಗಳಲ್ಲಿ ಇಂದಿಗೂ ಗಟ್ಟಿಯಾಗಿ ಉಳಿದಿದೆ. ತಾಳವಾಡಿಗೆ ಮದುವೆಯಾಗಿ ಹೋದ ಚಾಮರಾಜನಗರದ ಮಗಳು ಸೀಮಂತ ಮುಗಿಸಿಕೊಂಡು ತಾಯಿಯ ಮನೆಗೆ ಬರುತ್ತಾಳೆ. ಅಕ್ಕಲಕೋಟೆಯ ಸೊಸೆ ಕುಬಸ ಮಾಡಿಸಿಕೊಂಡು ಆಳಂದಕ್ಕೋ ಇಂಡಿಗೋ ಹೋಗುತ್ತಾಳೆ. ಮಂಜೇಶ್ವರದವಳು ಬಂಟ್ವಾಳಕ್ಕೆ, ಮಡಕಶಿರಾದವಳು ಪಾವಗಡಕ್ಕೆ ಹೋಗುವುದೂ, ಅತ್ತಲಿಂದ ಇತ್ತ ಬರುವುದೂ ನಿತ್ಯದ ಸಂಗತಿ. ಆಕೆಗೆ ಅದು ಒಂದು ಬಸ್ಸಿನ ಪ್ರಯಾಣ. ಆರೋಗ್ಯ ಇಲಾಖೆಯ ದಾಖಲೆಗೆ ಮಾತ್ರ ಅದು ರಾಜ್ಯಾಂತರ. ಗರ್ಭಿಣಿಯೆಂದು ಹೆಸರು ಬರೆಸಿದ ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಆಕೆ ‘ಊರಲ್ಲಿಲ್ಲ’. ತವರೂರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಆಕೆಯ ಹೆಸರೇ ಇಲ್ಲ. ಈ ಎರಡು ಪುಸ್ತಕಗಳ ನಡುವೆ ಜಾರಿಹೋಗುವುದು ಬಾಣಂತಿಗೂ ಹಸುಳೆಗೂ ಸಲ್ಲಬೇಕಾದ ಆರು ಮನೆಭೇಟಿಗಳು. ಆ ಭೇಟಿಗಳು ಯಾವುವು, ಅವುಗಳಲ್ಲಿ ಏನು ನಡೆಯಬೇಕು, ಗಡಿ ದಾಟಿದಾಗ ಅವು ತಪ್ಪದಂತೆ ಮನೆಯವರು ಏನು ಮಾಡಬಹುದು ಎಂಬುದನ್ನು ಇಲ್ಲಿ ಕೊಡಲಾಗಿದೆ.

ಭೇಟಿಯ ಲೆಕ್ಕ

ಕೇಂದ್ರ ಸರ್ಕಾರವು 2011ರಲ್ಲಿ ನವಜಾತ ಶಿಶುಗಳ ಗೃಹಾಧಾರಿತ ಆರೈಕೆ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕು. ಮನೆಯಲ್ಲಿಯೇ ಹೆರಿಗೆಯಾಗಿದ್ದರೆ ಮೊದಲ ದಿನವೂ ಸೇರಿ ಏಳು ಭೇಟಿ. ಸಿಸೇರಿಯನ್ ಆದ ತಾಯಿ ಆಸ್ಪತ್ರೆಯಿಂದ ಮನೆಗೆ ಮರಳುವುದು ತಡವಾಗುವುದರಿಂದ ಭೇಟಿಗಳು ಸಾಮಾನ್ಯವಾಗಿ 7ನೆಯ ದಿನದಿಂದ ಮೊದಲಾಗುತ್ತವೆ. ಎಲ್ಲ ಭೇಟಿಗಳೂ ಮುಗಿದು, ಜನನ ತೂಕ ಕಾರ್ಡಿನಲ್ಲಿ ದಾಖಲಾಗಿ, ಆರಂಭದ ಲಸಿಕೆಗಳೂ ಜನನ ನೋಂದಣಿಯೂ ಆಗಿ, 42ನೆಯ ದಿನ ತಾಯಿ ಮಗು ಕ್ಷೇಮವಾಗಿದ್ದರೆ ಆಶಾ ಕಾರ್ಯಕರ್ತೆಗೆ ಈ ಕಾರ್ಯಕ್ರಮದಡಿ ನಿಗದಿಯಾಗಿರುವ ಪ್ರೋತ್ಸಾಹಧನ 250 ರೂಪಾಯಿ. ಆರು ಸಲ ಮನೆ ಹತ್ತಿ ಇಳಿಯುವುದಕ್ಕೆ ಇದು ಎಷ್ಟು ಅಲ್ಪವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪದ್ಧತಿಯ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ವೈದ್ಯದಂಪತಿಗಳಾದ ಅಭಯ ಬಂಗ್ ಮತ್ತು ರಾಣಿ ಬಂಗ್ ಅವರ ‘ಸರ್ಚ್’ ಸಂಸ್ಥೆಯು ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಬಾಣಂತಿಯರ ಮನೆಗೆ ಕಳುಹಿಸಿತು. 39 ಹಳ್ಳಿಗಳಲ್ಲಿ ನಡೆದ ಈ ಪ್ರಯೋಗದ ಫಲಿತಾಂಶ 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನವಜಾತ ಶಿಶುಗಳ ಮರಣ ಪ್ರಮಾಣ ಶೇ. 62ರಷ್ಟು ತಗ್ಗಿತ್ತು. ಅನಂತರ 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜಂಟಿಯಾಗಿ ಹೆರಿಗೆಯ ನಂತರದ ಮನೆಭೇಟಿಯನ್ನು ಶಿಫಾರಸು ಮಾಡಿದವು. ಅದಕ್ಕೂ ಎಷ್ಟೋ ಹಿಂದಿನಿಂದ ನಮ್ಮ ಊರುಗಳಲ್ಲಿ ಸೂಲಗಿತ್ತಿಯರು ಹೆರಿಗೆ ಮಾಡಿಸಿದ ಮನೆಗೆ ದಿನವೂ ಬಂದು ಕೂಸನ್ನು ಎರೆದು, ಬಾಣಂತಿಯನ್ನು ವಿಚಾರಿಸಿಕೊಂಡು ಹೋಗುತ್ತಿದ್ದರು. ಆಂಧ್ರದ ಗಡಿಗೆ ಅಂಟಿಕೊಂಡಿರುವ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದದ್ದನ್ನು ಓದುಗರು ಮರೆತಿರಲಾರರು. ಅಂಥವರು ಹೆಚ್ಚಾಗಿ ಬಾಣಂತಿಯ ಮನೆಮಾತು ಬಲ್ಲವರೇ ಆಗಿರುತ್ತಿದ್ದರು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಮೂರನೆಯ ದಿನವೇ ಏಕೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಆದರೂ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ಶೇ. 41.8 ಮಾತ್ರ. ಆಸ್ಪತ್ರೆಗೆ ಹೋದ ಮಾತ್ರಕ್ಕೆ ಹಾಲೂಡಿಸುವುದು ತಾನಾಗಿ ಕೈಗೂಡುವುದಿಲ್ಲವೆಂಬುದು ಈ ಎರಡು ಸಂಖ್ಯೆಗಳಿಂದಲೇ ತಿಳಿಯುತ್ತದೆ.

ಹೆರಿಗೆಯಾದ ಮೊದಲೆರಡು ದಿನ ಬರುವುದು ಹಳದಿ ಬಣ್ಣದ, ಮಂದವಾದ ಗಿಣ್ಣುಹಾಲು. ಪ್ರಮಾಣದಲ್ಲಿ ಅದು ಚಮಚಗಳಲ್ಲಿ ಅಳೆಯುವಷ್ಟೇ; ಆದರೆ ಆ ಹೊತ್ತಿನ ಮಗುವಿನ ಹೊಟ್ಟೆಯೂ ಅಷ್ಟೇ ಚಿಕ್ಕದು. ರೋಗನಿರೋಧಕ ಅಂಶಗಳು ಅದರಲ್ಲಿ ದಟ್ಟವಾಗಿರುತ್ತವೆ. ಎರಡರಿಂದ ನಾಲ್ಕನೆಯ ದಿನದೊಳಗೆ ಹಾಲು ತುಂಬಿ ಬರುತ್ತದೆ. ಆಗ ಎದೆ ಬಿಗಿದು ನೋಯುತ್ತದೆ, ತೊಟ್ಟು ಚಪ್ಪಟೆಯಾದಂತಾಗಿ ಮಗುವಿಗೆ ಹಿಡಿತ ಸಿಗುವುದಿಲ್ಲ, ಮಗು ಅಳುತ್ತದೆ, ತಾಯಿಯೂ ಅಳುತ್ತಾಳೆ. ಸಾಮಾನ್ಯ ಹೆರಿಗೆಯಾದವರು ಆಸ್ಪತ್ರೆಯಿಂದ ಮನೆಗೆ ಬರುವುದೂ ಸುಮಾರಿಗೆ ಅದೇ ಹೊತ್ತಿಗೆ. ದಾದಿಯರು ದೂರವಾಗಿ, ಅಕ್ಕಪಕ್ಕದವರು ಸಲಹೆಗಳೊಂದಿಗೆ ಹತ್ತಿರವಾಗುವ ಗಳಿಗೆಯದು. ಡಬ್ಬಿಹಾಲು ಮನೆಯೊಳಗೆ ಕಾಲಿಡುವುದೂ ಬಹುಪಾಲು ಆಗಲೇ. ಆದ್ದರಿಂದ ಆರರಲ್ಲಿ ಯಾವ ಭೇಟಿ ತಪ್ಪಿದರೂ ಮೂರನೆಯ ದಿನದ್ದು ತಪ್ಪಬಾರದು.

ಆ ದಿನ ಬಂದ ಕಾರ್ಯಕರ್ತೆ ಕಾರ್ಡು ಬರೆದು ಎದ್ದುಹೋದರೆ ಭೇಟಿ ಮುಗಿದಂತಲ್ಲ. ಕೈ ತೊಳೆದು, ಮಗುವನ್ನು ತೂಗಿ, ಮೈಬಿಸಿ ನೋಡಿ, ತಾಯಿ ಹಾಲೂಡಿಸುವುದನ್ನು ಆಕೆ ಕಣ್ಣಾರೆ ಕಾಣಬೇಕು. ‘ಕುಡೀತಾ ಇದೆಯಾ?’ ಎಂದು ಬಾಗಿಲಲ್ಲಿ ಕೇಳಿದರೆ ‘ಹೂಂ’ ಎಂಬ ಉತ್ತರವೇ ಬರುತ್ತದೆ; ತೊಂದರೆ ಇರುವುದು ಕುಡಿಯುವ ಬಗೆಯಲ್ಲಿ.

ಮಗುವಿನ ತಲೆ ಮತ್ತು ಬೆನ್ನು ಒಂದೇ ನೇರದಲ್ಲಿದ್ದು, ಇಡೀ ಮೈ ತಾಯಿಯ ಕಡೆಗೆ ತಿರುಗಿ, ಅವಳಿಗೆ ಒತ್ತಿಕೊಂಡಿರಬೇಕು. ಕುತ್ತಿಗೆ ಮಾತ್ರ ತಿರುಗಿಸಿಕೊಂಡು ಕುಡಿಯುವ ಮಗು ಬೇಗ ದಣಿಯುತ್ತದೆ. ನಮ್ಮ ತಲೆಯನ್ನು ಭುಜದ ಕಡೆಗೆ ತಿರುಗಿಸಿಕೊಂಡು ನೀರು ಕುಡಿದು ನೋಡಿದರೆ ಕಾರಣ ತಿಳಿಯುತ್ತದೆ. ಬಾಯಿ ಅಗಲವಾಗಿ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಿಚಿರಬೇಕು, ಗಲ್ಲ ಮೊಲೆಗೆ ತಾಗಿರಬೇಕು. ತೊಟ್ಟಿನ ಸುತ್ತಲಿನ ಕಪ್ಪುಭಾಗ ಮಗುವಿನ ಬಾಯಿಯ ಮೇಲ್ಭಾಗದಲ್ಲಿ ಹೆಚ್ಚಾಗಿಯೂ ಕೆಳಭಾಗದಲ್ಲಿ ಕಡಿಮೆಯಾಗಿಯೂ ಕಾಣಬೇಕು. ಬರಿಯ ತೊಟ್ಟನ್ನು ಚೀಪಿದರೆ ಹಾಲು ಇಳಿಯುವುದಿಲ್ಲ, ತೊಟ್ಟು ಒಡೆಯುತ್ತದೆ. ತೊಟ್ಟು ಒಡೆದಾಗ ಹಾಲೂಡಿಸುವುದನ್ನು ಬಿಡುವುದಕ್ಕಿಂತ ಹಿಡಿತ ಸರಿಪಡಿಸುವುದು ಮುಖ್ಯ. ಕೊನೆಯಲ್ಲಿ ಬರುವ ಹಾಲನ್ನೇ ಒಂದು ಹನಿ ಸವರಿ ಆರಲು ಬಿಡಬಹುದು. ಎದೆ ಕಟ್ಟಿಕೊಂಡಿದ್ದರೆ ಕೂಡಿಸುವ ಮೊದಲು ಬೆಚ್ಚನೆಯ ಬಟ್ಟೆಯ ಕಾವು ಕೊಟ್ಟು, ಸ್ವಲ್ಪ ಹಾಲನ್ನು ಕೈಯಿಂದ ಹಿಂಡಿ ತೆಗೆದರೆ ತೊಟ್ಟಿನ ಸುತ್ತಲ ಭಾಗ ಮೆತ್ತಗಾಗಿ ಮಗುವಿಗೆ ಸಿಗುತ್ತದೆ. ಒಂದೆಡೆ ಕೆಂಪಾಗಿ ಜ್ವರವೂ ಬಂದರೆ ವೈದ್ಯರಿಗೆ ತೋರಿಸಬೇಕು. ಆಗಲೂ ಹಾಲು ತೆಗೆಯುವುದನ್ನು ನಿಲ್ಲಿಸಬಾರದು.

ಹಿಂಡಿ ತೆಗೆದ ಹಾಲನ್ನು ಕುದಿಸಿ ತೊಳೆದ ಒಳಲೆಯಲ್ಲಿ ಅಥವಾ ಪುಟ್ಟ ಲೋಟದಲ್ಲಿ ಕುಡಿಸಬಹುದು. ಅಜ್ಜಿಯರ ಪೆಟ್ಟಿಗೆಯಲ್ಲಿ ಬೆಳ್ಳಿಯ ಒಳಲೆ ಇನ್ನೂ ಇದ್ದರೆ ಅದಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ. ಶೀಸೆಯ ನಿಪ್ಪಲ್ಲಿಗೆ ಬಾಯಿ ರೂಢಿಯಾದ ಎಳೆ ಮಗು ಮೊಲೆ ಹಿಡಿಯಲು ತಡಬಡಿಸುವುದುಂಟು. ನಮ್ಮ ಸೆಕೆಯ ಊರುಗಳಲ್ಲಿ ಹೊರಗಿಟ್ಟ ಹಾಲನ್ನು ನಾಲ್ಕು ಗಂಟೆಯೊಳಗೆ ಬಳಸುವುದು ಕ್ಷೇಮ.

‘ಹಾಲು ಸಾಲದು’

ಹೊಸ ತಾಯಂದಿರ ಮನೆಗಳಲ್ಲಿ ಅತಿ ಹೆಚ್ಚು ಕೇಳಿಬರುವ ಮಾತಿದು. ನಿಜವಾಗಿ ಹಾಲು ಸಾಲದಿರುವುದು ಅಪರೂಪ. ಮಗು ಅಳುವುದು, ಗಳಿಗೆಗೊಮ್ಮೆ ಮೊಲೆ ಬೇಡುವುದು, ಎದೆ ಮೆತ್ತಗಿರುವುದು, ಇವಾವುವೂ ಹಾಲಿನ ಕೊರತೆಯ ಲಕ್ಷಣಗಳಲ್ಲ. ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಸೇರಿ, ಮಗು ಕುಡಿಯುವುದು ಸಹಜ. ಐದಾರು ದಿನ ಕಳೆದ ಮಗು ಎದೆಹಾಲು ಮಾತ್ರ ಕುಡಿಯುತ್ತ ದಿನಕ್ಕೆ ಆರು ಸಲಕ್ಕಿಂತ ಕಡಿಮೆಯಿಲ್ಲದೆ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಇನ್ನೊಂದು ಸಾಕ್ಷಿ ತಕ್ಕಡಿ. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ತುಸು ಇಳಿಯುತ್ತದೆ. ನೂರಕ್ಕೆ ಏಳೆಂಟು ಪಾಲು ಇಳಿದರೂ ಗಾಬರಿಯಿಲ್ಲ, ಹತ್ತನ್ನು ಮೀರಿದರೆ ತೋರಿಸಬೇಕು. ಸುಮಾರು ಎರಡು ವಾರದೊಳಗೆ ಹುಟ್ಟುತೂಕ ಮರಳಬೇಕು. 14ನೆಯ ದಿನದ ಭೇಟಿಯ ಬೆಲೆ ಇರುವುದು ಇಲ್ಲಿಯೇ. ಆಮೇಲೆ ವಾರಕ್ಕೆ 150–200 ಗ್ರಾಂ ಏರುತ್ತ ಹೋಗುತ್ತದೆ. ಆ ಏರಿಕೆ ಕಾಣದಿದ್ದಾಗ ಮೊದಲು ನೋಡಬೇಕಾದದ್ದು ಮಗುವಿನ ಹಿಡಿತವನ್ನೂ ರಾತ್ರಿ ಕುಡಿಸುತ್ತಿದ್ದಾರೆಯೇ ಎಂಬುದನ್ನೂ; ಡಬ್ಬಿಯ ಮಾತು ಕೊನೆಯದು. ಮೊಲೆ ಕುಡಿದಷ್ಟೂ ಹಾಲು ಊರುತ್ತದೆ. ಡಬ್ಬಿಹಾಲು ಕೊಟ್ಟಷ್ಟೂ ಕುಡಿಯುವುದು ಕಡಿಮೆಯಾಗಿ ಹಾಲೂ ಹಿಂಜರಿಯುತ್ತದೆ. ಶಿಶು ಆಹಾರದ ಡಬ್ಬಿಗಳ ಜಾಹೀರಾತನ್ನೂ ತಾಯಂದಿರಿಗೆ ಅವುಗಳ ಉಚಿತ ಮಾದರಿ ಹಂಚುವುದನ್ನೂ 1992ರ ಕಾನೂನು ನಿಷೇಧಿಸಿದೆ. ಯಾರಾದರೂ ಪುಕ್ಕಟೆ ಡಬ್ಬಿ ತಂದುಕೊಟ್ಟರೆ ಅದು ಉಡುಗೊರೆಯೆಂದು ಭ್ರಮಿಸಬೇಕಾಗಿಲ್ಲ.

ಅಡುಗೆಮನೆಯ ಕಡೆಗೂ ಒಂದು ನೋಟ. ಕಾಸರಗೋಡಿನ ಮೆಂತೆ ಗಂಜಿ, ಸೊಲ್ಲಾಪುರದ ಕಡೆಯ ಅಳವಿ ಪಾಯಸ ಮತ್ತು ಅಂಟಿನ ಉಂಡೆ, ಎಲ್ಲ ಕಡೆಯ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು: ಇವು ತಾಯಿಗೆ ಹಿತವಾದರೆ ಉಣ್ಣಲಿ. ಆದರೆ ಬಾಣಂತಿಗೆ ನೀರು ಕೊಡಬಾರದು, ತರಕಾರಿ ಕೊಡಬಾರದು, ಒಂದೇ ಹೊತ್ತು ಊಟ ಎಂಬ ಕಟ್ಟುಗಳನ್ನು ಬಿಡಲೇಬೇಕು. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು. ಕೇಳಿದಾಗಲೆಲ್ಲ ನೀರು ಸಿಗಬೇಕು. ಆಸ್ಪತ್ರೆಯಿಂದ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕು.

ಮಗುವಿನ ಬಾಯಿಗೆ ಮಾತ್ರ ಆರು ತಿಂಗಳು ತುಂಬುವವರೆಗೆ ಎದೆಹಾಲಲ್ಲದೆ ಬೇರೇನೂ ಬೇಡ. ಜೇನು, ಸಕ್ಕರೆ ನೀರು, ತೇಯ್ದ ಬಜೆ, ಹರಳೆಣ್ಣೆ, ಗುಟ್ಟಿ, ಗ್ರೈಪ್ ವಾಟರ್ ಎಲ್ಲಕ್ಕೂ ಇದೇ ಮಾತು. ಜೇನಿನಿಂದ ಒಂದು ವರ್ಷದೊಳಗಿನ ಮಗುವಿಗೆ ಬೊಟುಲಿಸಂ ಎಂಬ ಅಪರೂಪದ, ಆದರೆ ಪ್ರಾಣಕ್ಕೆ ಎರವಾಗಬಲ್ಲ ಕಾಯಿಲೆ ಬರಬಹುದು. ಬೇಸಗೆಯಲ್ಲಿ ನೀರನ್ನೂ ಕೊಡಬೇಕಾಗಿಲ್ಲ. ಎದೆಹಾಲಿನ ಬಹುಪಾಲು ನೀರೇ. ಔಷಧಿಯ ಡಾಕ್ಟರರು ಬರೆದುಕೊಟ್ಟ ಹನಿಗಳು ಮಾತ್ರ ಇದಕ್ಕೆ ಹೊರತು. ‘ನಮ್ಮ ಕಾಲದಲ್ಲಿ ಬಜೆ ನೆಕ್ಕಿಸಿಯೇ ಬೆಳೆಸಿದೆವು’ ಎನ್ನುವ ಅಜ್ಜಿಯೊಡನೆ ಸೊಸೆ ವಾದಿಸಲಾರಳು. ಆ ಮಾತನ್ನು ಅಜ್ಜಿಗೆ ತಿಳಿಯುವ ಭಾಷೆಯಲ್ಲಿ, ಗೌರವದಿಂದ ಹೇಳಬೇಕಾದದ್ದು ಮನೆಗೆ ಬಂದ ಕಾರ್ಯಕರ್ತೆಯ ಕೆಲಸ.

ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಅಳು ಕ್ಷೀಣವಾದರೆ, ಕೈಕಾಲು ಜೋಲುಬಿದ್ದರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ಎದೆಗೂಡು ಒಳಕ್ಕೆ ಸೆಳೆದರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲಿನವರೆಗೆ ಹಳದಿ ಇಳಿದರೆ ಮುಂದಿನ ಭೇಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಕಾಯಿಲೆಬಿದ್ದ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ, ಸಾಗಣೆ ಉಚಿತ. ತಾಯಿ ದಿನಗಟ್ಟಲೆ ಮಂಕಾಗಿ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದಂತಿದ್ದರೆ ಅದನ್ನು ಸೋಮಾರಿತನವೆನ್ನದೆ ಕಾರ್ಯಕರ್ತೆಗೆ ಹೇಳಬೇಕು. 14416 ಟೆಲಿಮಾನಸ್ ದೂರವಾಣಿಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಗಡಿ ದಾಟುವ ಮುನ್ನ, ದಾಟಿದ ಮೇಲೆ

ಮೊದಲಿಗೆ, ಬರುವವರು ಯಾರೆಂದು ತಿಳಿದಿರಬೇಕು. ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕರ್ನಾಟಕ, ಕೇರಳ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಮಹಾರಾಷ್ಟ್ರದಲ್ಲಿ ಜನ ಅವರನ್ನು ‘ಆಶಾತಾಯಿ’ ಎನ್ನುತ್ತಾರೆ. ತಮಿಳುನಾಡಿನಲ್ಲಿ ಆಶಾ ಕಾರ್ಯಕರ್ತೆಯರು ಕೆಲವು ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ ಮಾತ್ರ. ಉಳಿದೆಡೆ ಈ ಹೊಣೆ ಗ್ರಾಮ ಆರೋಗ್ಯ ದಾದಿಯದು. ಗೋವಾದಲ್ಲಿ ಆಶಾ ವ್ಯವಸ್ಥೆಯೇ ಇಲ್ಲ; ಉಪಕೇಂದ್ರದ ಎ.ಎನ್.ಎಂ. ಅವರನ್ನು ಕಾಣಬೇಕು.

ಭೇಟಿಯ ಹಕ್ಕು ತಾಯಿ ಮಗು ಆಗ ಇರುವ ಮನೆಗೆ ಸೇರಿದ್ದು. ಪಡಿತರ ಚೀಟಿ ಯಾವ ರಾಜ್ಯದ್ದೆಂಬುದು ಇಲ್ಲಿ ಅಡ್ಡಿಯಾಗಬೇಕಿಲ್ಲ. ತವರಿಗೆ ಹೊರಡುವ ಮುನ್ನ ಗಂಡನ ಮನೆಯ ಊರಿನ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡು, 12 ಅಂಕಿಗಳ ಆರ್.ಸಿ.ಎಚ್. ಸಂಖ್ಯೆ, ತಪಾಸಣೆಯ ಚೀಟಿಗಳನ್ನು ಜೊತೆಗೆ ಒಯ್ಯಬೇಕು. ತವರು ತಲುಪಿದ ವಾರದೊಳಗೆ ಅಲ್ಲಿಯ ಕಾರ್ಯಕರ್ತೆಗೆ ಕಾರ್ಡು ತೋರಿಸಿ ಹೆಸರು ಬರೆಸಬೇಕು. ಹೆರಿಗೆಯಾದ ದಿನವೇ ಆಕೆಗೆ ಫೋನಿನಲ್ಲಿ ತಿಳಿಸಬೇಕು. ಆಕೆಗೆ ಸುದ್ದಿ ಮುಟ್ಟದೆ ಮೂರನೆಯ ದಿನ ಬರಲಿಲ್ಲವೆಂದು ದೂರಿದರೆ ಅದು ನ್ಯಾಯವಲ್ಲ. ನಡುವೆ ಮಗುವನ್ನು ಗಂಡನ ಮನೆಗೆ ಕರೆತಂದರೆ ಉಳಿದ ಭೇಟಿಗಳು ಅಲ್ಲಿ ನಡೆಯಬೇಕು. ಇಬ್ಬರು ಆಶಾ ಕಾರ್ಯಕರ್ತೆಯರು ಭೇಟಿಗಳನ್ನು ಹಂಚಿಕೊಂಡರೆ, ಮೂರು ಭೇಟಿ ಪೂರೈಸಿದವರಿಗೆ 125 ರೂಪಾಯಿಯಂತೆ ಪ್ರೋತ್ಸಾಹಧನವನ್ನೂ ಹಂಚಲು ಮಾರ್ಗಸೂಚಿಯಲ್ಲಿ ಅವಕಾಶವಿದೆ. ‘ನಮ್ಮ ಪಟ್ಟಿಯವರಲ್ಲ’ ಎಂಬ ಉತ್ತರ ಬಂದರೆ ಈ ಅಂಶವನ್ನು ನೆನಪಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಬರವಣಿಗೆಯಲ್ಲಿ ಕೇಳಬಹುದು.

ಜನನ ನೋಂದಣಿ ಮಗು ಹುಟ್ಟಿದ ಸ್ಥಳದಲ್ಲಿ, 21 ದಿನದೊಳಗೆ ಆಗಬೇಕು. ತಮಿಳುನಾಡಿನಲ್ಲಿ ಹೆರಿಗೆಯಾದರೆ ಗರ್ಭಿಣಿಯರ ‘ಪಿಕ್ಮಿ’ ನೋಂದಣಿ ಸಂಖ್ಯೆಯನ್ನು ಪ್ರಮಾಣಪತ್ರಕ್ಕಾಗಿ ಕೇಳುತ್ತಾರೆ. ಹೊಸೂರಿಗೋ ತಾಳವಾಡಿಗೋ ಬಾಣಂತನಕ್ಕೆ ಬರುವ ಕರ್ನಾಟಕದ ಹೆಣ್ಣುಮಕ್ಕಳು ಅದನ್ನು ಮೊದಲೇ ಮಾಡಿಸಿಕೊಳ್ಳುವುದು ಒಳಿತು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವಾಗ ಜನನ ಪ್ರಮಾಣಪತ್ರವೇ ಜನ್ಮದಿನದ ದಾಖಲೆ. ಒಂದು ರಾಜ್ಯದಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಮನೆತನದ ಹೆಸರು ಎಂಬ ವ್ಯತ್ಯಾಸ ಮುಂದೆ ಕನ್ನಡ ಶಾಲೆಯ ದಾಖಲಾತಿಯಲ್ಲಿ ತೊಡಕಾಗದಂತೆ, ತಂದೆತಾಯಿಯರ ಹೆಸರಿನ ಕಾಗುಣಿತವನ್ನು ಅಂದೇ ನೋಡಿಕೊಳ್ಳಬೇಕು.

ಹಾಲಿನ ಮಾತು ಯಾವ ಮಾತಿನಲ್ಲಿ

ಮದುವೆಯಾಗಿ ಕರ್ನಾಟಕದಿಂದ ಗಡಿಯಾಚೆಗೆ ಬಂದ ಹುಡುಗಿಗೆ ಅಲ್ಲಿಯ ರಾಜ್ಯಭಾಷೆ ಮೊದಲ ವರ್ಷ ಬಾಯಿಗೆ ಬಂದಿರುವುದಿಲ್ಲ. ಕೈಗೆ ಕೊಡುವ ಕಾರ್ಡು ಮಲಯಾಳದಲ್ಲೋ ಮರಾಠಿಯಲ್ಲೋ ಇರುತ್ತದೆ. ತೊಟ್ಟು ಒಡೆದಿದೆ, ರಕ್ತ ಬರುತ್ತಿದೆ, ಕೂಡಿಸಲು ಹೆದರಿಕೆ ಎಂಬುದನ್ನು ಆಕೆ ಮೈದುನನ ಬಾಯಿಂದಲೋ, ಐದನೆಯ ತರಗತಿಯ ನಾದಿನಿಯ ಬಾಯಿಂದಲೋ ಹೇಳಿಸಲಾರಳು. ‘ಎಲ್ಲ ಚೆನ್ನಾಗಿದೆ’ ಎಂದುಬಿಡುತ್ತಾಳೆ. ಕಾರ್ಡಿನಲ್ಲಿ ಆರು ಭೇಟಿಗೂ ಗುರುತು ಬಿದ್ದು, ಮಗು ಡಬ್ಬಿಹಾಲಿಗೆ ಸರಿದಿರುವುದು ಹೀಗೆಯೇ. ಆದ್ದರಿಂದ ಎರಡೂ ಭಾಷೆ ಬಲ್ಲ, ಮಕ್ಕಳನ್ನು ಹೆತ್ತು ಸಾಕಿದ ನೆರೆಮನೆಯ ಹೆಂಗಸೊಬ್ಬಳನ್ನು ಭೇಟಿಯ ಹೊತ್ತಿಗೆ ಕರೆದುಕೊಂಡು, ಗಂಡಸರು ಹೊರಗಿರುವುದು ಒಳ್ಳೆಯದು.

ಕೆಲವು ಪದಗಳನ್ನು ತಿಳಿದಿದ್ದರೆ ಅರ್ಧ ದಾರಿ ಸವೆದಂತೆ. ನಮ್ಮ ಎದೆಹಾಲು ಮಲಯಾಳದಲ್ಲಿ ಮುಲಪ್ಪಾಲ್, ತಮಿಳಿನಲ್ಲಿ ತಾಯ್‌ಪ್ಪಾಲ್, ತೆಲುಗಿನಲ್ಲಿ ತಲ್ಲಿಪಾಲು, ಮರಾಠಿಯಲ್ಲಿ ಆಈಚೇ ದೂಧ. ಗಿಣ್ಣುಹಾಲಿಗೆ ತಮಿಳಿನಲ್ಲಿ ಸೀಂಪಾಲ್, ತೆಲುಗಿನಲ್ಲಿ ಮುರ್ರಿಪಾಲು, ಮರಾಠಿಯಲ್ಲಿ ಚೀಕ. ಕಾಮಾಲೆಗೆ ಮಲಯಾಳದಲ್ಲಿ ಮಞ್ಞಪಿತ್ತಂ, ತಮಿಳಿನಲ್ಲಿ ಮಂಜಳ್ ಕಾಮಾಲೈ, ತೆಲುಗಿನಲ್ಲಿ ಪಸಿರಿಕಲು, ಮರಾಠಿಯಲ್ಲಿ ಕಾವೀಳ. ದ್ರಾವಿಡ ಅಕ್ಕತಂಗಿಯರ ‘ಪಾಲು’ ಕನ್ನಡದಲ್ಲಿ ‘ಹಾಲು’ ಆಯಿತೆಂಬುದು ಶಾಲೆಯ ವ್ಯಾಕರಣ ಪಾಠ. ಬಾಣಂತಿಯ ಕೋಣೆಯಲ್ಲಿ ಅದು ಹೀಗೆ ಉಪಯೋಗಕ್ಕೆ ಬರುತ್ತದೆ.

ಕಾರ್ಡು ಮತ್ತು ಸೂಚನಾಪತ್ರಗಳನ್ನು ಕನ್ನಡದಲ್ಲಿ ಕೇಳುವುದಕ್ಕೂ ಆಧಾರವಿದೆ. 1961ರ ಮುಖ್ಯಮಂತ್ರಿಗಳ ಸಮ್ಮೇಳನದಲ್ಲಿ, ತಾಲೂಕು ಅಥವಾ ಪುರಸಭೆಯ ಜನಸಂಖ್ಯೆಯಲ್ಲಿ ಭಾಷಾ ಅಲ್ಪಸಂಖ್ಯಾತರು ಶೇ. 15ರಿಂದ 20ರಷ್ಟಿದ್ದಲ್ಲಿ ಮುಖ್ಯ ಸರ್ಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಬರಬೇಕೆಂದು ಒಪ್ಪಲಾಯಿತು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಡನೆ ಕನ್ನಡದಲ್ಲಿ ವ್ಯವಹರಿಸಲು ಅವಕಾಶ ಕೊಟ್ಟಿದೆ. ಸಂವಿಧಾನದ 350ನೆಯ ವಿಧಿಯಂತೆ ಯಾವುದೇ ಅಹವಾಲನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಸಲ್ಲಿಸಬಹುದು. ಈ ಆಧಾರಗಳನ್ನು ನಾವು ಇದುವರೆಗೆ ಶಿಕ್ಷಕರ ನೇಮಕ ಮತ್ತು ಪಠ್ಯಪುಸ್ತಕಗಳಿಗಾಗಿಯೇ ಹೆಚ್ಚಾಗಿ ಎತ್ತಿದ್ದೇವೆ. ಕನ್ನಡ ಶಾಲೆಯ ಪೋಷಕರ ಸಭೆಯಲ್ಲಿ ಸೇರುವ ತಾಯಂದಿರೇ ಒಂದು ಮನವಿ ಬರೆದು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕನ್ನಡದ ಕಾರ್ಡು, ಕನ್ನಡ ಬಲ್ಲ ಆಶಾ ಕಾರ್ಯಕರ್ತೆ ಎಂಬ ಎರಡು ಬೇಡಿಕೆಗಳನ್ನು ಕೊಡಬಹುದು. ಒಂದನೆಯ ತರಗತಿಗೆ ಮಕ್ಕಳು ಸಾಲದೆಂದು ಚಿಂತಿಸುವ ಶಾಲೆಗಳಿಗೆ ಆ ಮಕ್ಕಳ ಮೊದಲ ಪಟ್ಟಿ ಇರುವುದು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ.

42ನೆಯ ದಿನದ ನಂತರವೂ ಬಾಗಿಲು ಮುಚ್ಚುವುದಿಲ್ಲ. 2018ರಲ್ಲಿ ಆರಂಭವಾದ ಮುಂದುವರಿದ ಕಾರ್ಯಕ್ರಮದಂತೆ 3, 6, 9, 12 ಮತ್ತು 15ನೆಯ ತಿಂಗಳಲ್ಲಿ ಇನ್ನೂ ಐದು ಭೇಟಿಗಳಿವೆ. ಆರನೆಯ ತಿಂಗಳು ತುಂಬಿದಾಗ ರಾಗಿ ಸರಿಯೋ ಮಣ್ಣಿಯೋ ಮೆತ್ತನೆಯ ಅನ್ನವೋ ಆರಂಭವಾಗುತ್ತದೆ. ಎದೆಹಾಲು ಎರಡು ವರ್ಷ ಮತ್ತು ಅದರಾಚೆಗೂ ಮುಂದುವರಿಯಬಹುದು. ಹೆರಿಗೆ ಸೌಲಭ್ಯದ ಕಾನೂನಿನ ವ್ಯಾಪ್ತಿಗೆ ಬರುವ ಕಾರ್ಖಾನೆ, ತೋಟ, ಕಚೇರಿಗಳಲ್ಲಿ ದುಡಿಯುವ ತಾಯಿಗೆ ಮಗುವಿನ 15 ತಿಂಗಳವರೆಗೆ ದಿನಕ್ಕೆ ಎರಡು ಹಾಲೂಡಿಸುವ ವಿರಾಮಗಳು ಸಲ್ಲುತ್ತವೆ. ನೀಲಗಿರಿ, ವಯನಾಡಿನ ಚಹಾ ತೋಟಗಳಿಗೆ ಮರಳುವವರು ಇದನ್ನು ಕೇಳಿ ಪಡೆಯಬೇಕು. ಮನೆಯಲ್ಲಿ ಬೀಡಿ ಕಟ್ಟುವ ಸೊಲ್ಲಾಪುರದ ತಾಯಿ, ಮಗುವಿಗೆ ಹಾಲು ಕೊಡುವ ಮೊದಲು ತಂಬಾಕಿನ ಕೈಯನ್ನು ಸಾಬೂನಿನಿಂದ ತೊಳೆದು, ಸೊಪ್ಪಿನ ಮೊರವನ್ನು ಬೇರೆ ಕೋಣೆಯಲ್ಲಿಡಬೇಕು.